ಮರದ ಹಿಂದಿನ ಚೆಂಡು

ತಮ್ಮ ಚಂದ್ರುವಿಗೆ ಅಕ್ಕ ಸಾವಿತ್ರಿ ಮಾಡುವ ಆಶೀರ್ವಾದಗಳು.

ಮೇಲುಗಡೆ ಚಿರಂಜೀವಿ ಅಂತ ಬರೆದಿಲ್ಲ, ನೋಡಿಕೋ. ನೀನು ಅಮೆರಿಕಕ್ಕೆ ಬಂದಾಗಿನಿಂದ ಒಂದು ಕಾಗದದಲ್ಲೂ ಅದನ್ನು ಬಿಟ್ಟವಳಲ್ಲ ನಾನು. ಆ ಮಾತಿಗೆ ನೀನು ಕೊಟ್ಟ ಮರ್ಯಾದೆ ಇಷ್ಟೇ ಅಂದಮೇಲೆ ಇನ್ನು ಯಾಕೆ ಬರೆಯಲಿ? ಅಕ್ಕನಿಗಿಂತ ಮುಂಚೆ ಹೊರಡು ಅಂತ ನಿನಗೆ ಯಾರು ಹೇಳಿದರು? ಊಟಕ್ಕೆ ಕೂತರೂ ನಾನೇ ಮೊದಲು, ಎಣ್ಣೆ ನೀರಿಗೆ ಹೋದರೂ ನಾನೇ ಮೊದಲು ಅಂತ ಹಠ ಮಾಡುತ್ತಿದ್ದವನು ಇದರಲ್ಲೂ ನಾನೇ ಮೊದಲು ಅಂದುಬಿಟ್ಟೆಯಲ್ಲ. ಹೋಗಿ ವರ್ಷವಾಗುತ್ತಾ ಬಂತು, ಒಂದು ಕನಸಿಗಾದರೂ ಬಂದೆಯಾ? ನಿನ್ನ ಹೆಂಡತಿ ಲಲಿತಳ ಕನಸಿಗೆ ಮೂರು ಸಲ ಹೋಗಿದ್ದೀಯಂತೆ. ಅಕ್ಕನ ಮನೆ ದಾರಿ ಮಾತ್ರ ಮರೆತುಹೋಯಿತು. ನಿನ್ನ ಓಲ್ಡ್ ಬ್ರಿಡ್ಜ್‌ನಿಂದ ನಮ್ಮ ಸಮರ್‌ಸೆಟ್ ಏನು ಕಾಶಿಯೇ?

ನಾಲ್ಕನೇ ಕ್ಲಾಸಿಗೆ ನಿಂತ ಕೈ ಇದು. ಅಕ್ಷರ ಸೊಟ್ಟಗಿದೆ ಅಂತ ನಗಬೇಡ. ನಿನ್ನನ್ನು ಎತ್ತಿಕೊಳ್ಳುವವರಿಲ್ಲ ಅಂತ ತಾನೇ ನನ್ನನ್ನು ಶಾಲೆ ಬಿಡಿಸಿದ್ದು? ನೀನು ಈ ದೇಶಕ್ಕೆ ಬಂದಾಗ ನೀಲಿ ಏರ್‌ಮೇಲ್ ಕಾಗದ ತರಿಸಿಕೊಂಡು, ಇದೇ ಸೊಟ್ಟ ಅಕ್ಷರದಲ್ಲಿ ಬರೆಯುತ್ತಿದ್ದೆ. ಕೊನೆಗೆ, ಮುಂದಿನ ತಿಂಗಳೊಳಗೆ ಉತ್ತರ ಬರೆ ಅಂತ ಹಾಕುತ್ತಿದ್ದೆ. ನೀನು ಒಂದು ಪುಟದ ತುಂಬ ನೆಪಗಳನ್ನು ಬರೆಯುತ್ತಿದ್ದೆ, ಆದರೂ ಬರೆಯುತ್ತಿದ್ದೆ. ನಾನೂ ಮಗಳ ಮನೆಗೆ ಅಂತ ಇಲ್ಲಿಗೆ ಬಂದ ಮೇಲೆ ಕಾಗದ ನಿಂತಿತು. ಶನಿವಾರ ಮಧ್ಯಾಹ್ನ ನಿನ್ನ ಗಾಲ್ಫ್ ಮುಗಿದ ಕೂಡಲೇ ನೀನು ಕಾರಿನಲ್ಲೇ ಕೂತು ಫೋನ್ ಮಾಡುತ್ತಿದ್ದೆ. ಈಗಲೂ ಶನಿವಾರ ಎರಡು ಗಂಟೆಗೆ ಫೋನನ್ನು ಪಕ್ಕದಲ್ಲಿ ಇಟ್ಟುಕೊಂಡೇ ಕೂರುತ್ತೇನೆ. ಔಷಧಿ ಅಂಗಡಿಯ ಮೆಷಿನ್ ಮಾತಾಡುತ್ತದೆ, ನಿಮ್ಮ ಮಾತ್ರೆ ಬಂದಿದೆ ಅಂತ. ಅದೂ ಇಂಗ್ಲಿಷಿನಲ್ಲಿ.

ಚಿನ್ನಿದಾಂಡು ಆಡುವಾಗ ನೀನು ಮಾಡುತ್ತಿದ್ದ ಕೆಲಸ ನೆನಪಿದೆಯೇನೋ? ಚಿನ್ನಿ ಬಿದ್ದ ಕಡೆ ಎಲ್ಲರಿಗಿಂತ ಮೊದಲು ಓಡಿಹೋಗಿ, ಹೆಬ್ಬೆರಳಿನಲ್ಲಿ ಮೆಲ್ಲಗೆ ಇನ್ನೆರಡು ಮಾರು ಆಚೆಗೆ ತಳ್ಳಿಬಿಡುತ್ತಿದ್ದೆ. ಹುಡುಗರು ಗಲಾಟೆ ಎಬ್ಬಿಸಿದರೆ, ಬೇಕಾದರೆ ನಮ್ಮಕ್ಕನ್ನ ಕೇಳಿ ಅನ್ನುತ್ತಿದ್ದೆ. ನಾನು ಕಟ್ಟೆಯ ಮೇಲೆ ಕೂತಲ್ಲಿಂದಲೇ, ಇಲ್ಲ, ಮೊದಲಿಂದಲೂ ಅಲ್ಲೇ ಇತ್ತು ಅನ್ನುತ್ತಿದ್ದೆ. ಎಷ್ಟು ಸಲ ಹೇಳಿದೆನೋ ಆ ಸುಳ್ಳು. ದೇವರ ಮೇಲೆ ಆಣೆ ಇಡು ಅಂದರೆ ಅದನ್ನೂ ಇಟ್ಟಿದ್ದೇನೆ. ನೀನು ಸೋತರೆ ಎರಡು ದಿನ ಊಟ ಬಿಡುತ್ತಿದ್ದೆಯಲ್ಲ, ನಾನು ಇನ್ನೇನು ಮಾಡಲಿ?

ಹೋದ ವರ್ಷ ಆ ಶನಿವಾರ ನೀನು ಫೋನ್ ಮಾಡಿದಾಗ ನಾನು ಬೀನ್ಸ್ ನಾರು ತೆಗೆಯುತ್ತಾ ಕೂತಿದ್ದೆ. "ಅಕ್ಕ, ಇವತ್ತು ಎಲ್ಲರನ್ನೂ ಸೋಲಿಸಿದೆ. ನಾನೇ ಫಸ್ಟ್" ಅಂದೆ. "ಕಾಲಲ್ಲಿ ತಳ್ಳಿರಬೇಕು ಬಿಡೋ" ಅಂದೆ ನಾನು. ನಗುತ್ತೀಯ ಅಂತಲೇ ಅಂದದ್ದು. ನೀನು ನಗಲಿಲ್ಲ, "ನಂಗೀಗ ಅರವತ್ತೆಂಟು ವರ್ಷ, ಅಕ್ಕ" ಅಂದು ಫೋನ್ ಇಟ್ಟುಬಿಟ್ಟೆ. ಮುಂದಿನ ಶನಿವಾರ ನಿನ್ನ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ. ದೊಡ್ಡವಳು ನಾನು, ಬೇಕಾದರೆ ಅವನೇ ಮಾಡಲಿ ಅಂತ ಬಿಗುಮಾನದಲ್ಲಿ ಕೂತೆ. ಬುಧವಾರ ಬೆಳಿಗ್ಗೆ ಲಲಿತ ಮಾಡಿದಳು. ಮಲಗಿದವರು ಏಳಲಿಲ್ಲ ಅನ್ನುವುದಷ್ಟೇ ನನಗೆ ಕೇಳಿಸಿದ್ದು. ನನ್ನ ಬಾಯಿಂದ ನಿನಗೆ ಸಂದ ಕೊನೆಯ ಮಾತು ಅದಾಯಿತಲ್ಲ ಚಂದ್ರು. ಒಳ್ಳೆಯ ಮಾತುಗಳು ಬೇಕಾದಷ್ಟಿದ್ದವು, ಅದೇ ಯಾಕೆ...

ಮೊನ್ನೆ ಶನಿವಾರ ನಿನ್ನ ಹೆಸರಿನ ಟ್ರೋಫಿ ಪಂದ್ಯ ಇತ್ತು. ನಿನ್ನ ಗಾಲ್ಫ್ ಗೆಳೆಯರೆಲ್ಲ ಸೇರಿ ಮಾಡಿದ್ದು, ಇನ್ನು ಪ್ರತಿ ವರ್ಷವೂ ಮಾಡುತ್ತಾರಂತೆ. ಮಗಳಿಗೆ ಡ್ಯೂಟಿ ಇತ್ತು, ಮೊಮ್ಮಗಳು ಮಾಯಾ ಡ್ರೈವ್ ಮಾಡಿಕೊಂಡು ಕರೆದುಕೊಂಡು ಹೋದಳು. ನನಗೂ ಒಂದು ಬಿಳಿ ಟೋಪಿ ಕೊಟ್ಟರು, ಅದರ ಮೇಲೆ ನಿನ್ನ ಹೆಸರು. ಸಣ್ಣವನಿದ್ದಾಗ ಸೊಂಟದ ಮೇಲೆ ಹೊತ್ತದ್ದು ಸಾಲದು ಅಂತ ಈಗ ತಲೆಯ ಮೇಲೆ ಹೊತ್ತುಕೊಂಡು ಕೂತೆ. ಆ ಗಾಲ್ಫ್ ಮೈದಾನದ ಹುಲ್ಲು ಇಷ್ಟು ಒಳ್ಳೆಯದಿದ್ದೂ ಒಂದು ದನ ಇಲ್ಲವಲ್ಲ ಅಂತ ಮತ್ತೆ ಅನ್ನಿಸಿತು. ಬಂದವರು ನಮಸ್ಕಾರ ಆಂಟಿ, ಹೇಗಿದೀರ ಆಂಟಿ ಅನ್ನುತ್ತಿದ್ದರು, ಉತ್ತರ ಬರುವುದರೊಳಗೆ ಮುಂದೆ ಹೋಗುತ್ತಿದ್ದರು. ಮನೆಯಲ್ಲಿ ಅಜ್ಜಿ, ಹೊರಗೆ ಆಂಟಿ. ಅಕ್ಕ ಅನ್ನುವ ಒಂದು ಬಾಯಿ ಇತ್ತು. ಅದು ಕೋಟು ಹಾಕಿಕೊಂಡು ಫೋಟೋದಲ್ಲಿ ಸುಮ್ಮನೆ ನಗುತ್ತಿತ್ತು. ನೀನು ಕೋಟು ಹಾಕಿದ್ದನ್ನು ನಾನು ನೋಡಿದ್ದು ನಿನ್ನ ಮದುವೆಯಲ್ಲಿ ಮಾತ್ರ.

ಆಟ ಮುಗಿದು ಊಟಕ್ಕೆ ಮುಂಚೆ ಭಾಷಣ ಶುರುವಾಯಿತು. ಕ್ಲಬ್ಬನ್ನು ನಡೆಸುವ ನಿಮ್ಮ ಮೂರ್ತಿ ಮೈಕ್ ಹಿಡಿದು, "ಚಂದ್ರು ಅಂದ್ರೆ ಹಂಡ್ರೆಡ್ ಪರ್ಸೆಂಟ್ ಆನೆಸ್ಟ್. ಸ್ಕೋರ್ ಕಾರ್ಡ್‌ನಲ್ಲಿ ಒಂದೇ ಒಂದು ಹೊಡೆತ ಕಮ್ಮಿ ಬರೆದವರಲ್ಲ" ಅಂದರು. ನನಗೆ ಗೊತ್ತಿಲ್ಲದೆ ಮೂಗಿನಲ್ಲಿ ನಗು ಬಂತು. ಮಾಯಾ ನನ್ನ ಕೈ ಹಿಂಡಿ, "ಅಜ್ಜಿ, ಪ್ಲೀಸ್, ಇಟ್ಸ್ ಎ ಮೆಮೋರಿಯಲ್" ಅಂದಳು. ಒಬ್ಬೊಬ್ಬರೂ ಎದ್ದು ನಿಂತು ನಿನ್ನನ್ನು ಇನ್ನಷ್ಟು ತೊಳೆದರು. ಸಿಟ್ಟೇ ಬರದವನಂತೆ, ಸೋತರೂ ನಗುತ್ತಿದ್ದವನಂತೆ. ಯಾರ ವಿಷಯ ಮಾತಾಡುತ್ತಿದ್ದಾರೆ ಅಂತ ಆಚೆ ಈಚೆ ನೋಡಿದೆ. ಅಷ್ಟು ಜನರ ನಡುವೆ ನನ್ನ ತಮ್ಮ ಎಲ್ಲೂ ಇರಲಿಲ್ಲ. ನೀನು ಸತ್ತ ದಿನವೂ ನನಗೆ ಅಷ್ಟು ಒಂಟಿ ಅನ್ನಿಸಿರಲಿಲ್ಲ ಕಣೋ. ಆಮೇಲೆ ಮೂರ್ತಿ ಮೈಕನ್ನು ನನ್ನ ಬಾಯಿಗೇ ತಂದು, "ಆಂಟಿ, ಎರಡು ಮಾತು" ಅಂದರು. ಲಲಿತ ಕಣ್ಣು ಒರೆಸಿಕೊಂಡು ನನ್ನನ್ನೇ ನೋಡುತ್ತಿದ್ದಳು. ಏನು ಹೇಳಲಿ? "ಹೌದು, ನನ್ನ ತಮ್ಮ ಚಿಕ್ಕಂದಿನಿಂದಲೂ ಹಾಗೇ. ಆಟದಲ್ಲಿ ಯಾವತ್ತೂ ಮೋಸ ಮಾಡಿದವನಲ್ಲ" ಅಂದೆ. ಎಲ್ಲರೂ ಚಪ್ಪಾಳೆ ಹೊಡೆದರು. ಈ ವಯಸ್ಸಿನಲ್ಲಿ, ಪರದೇಶದಲ್ಲಿ, ಇನ್ನೂ ಒಂದು ಸಲ ನಿನ್ನ ಪರವಾಗಿ ಸುಳ್ಳು ಸಾಕ್ಷಿ ಹೇಳಿಸಿದೆಯಲ್ಲ ನನ್ನ ಕೈಲಿ.

ವಾಂಗಿಭಾತ್ ತಟ್ಟೆ ಹಿಡಿದು ಮೂಲೆಯಲ್ಲಿ ಕೂತಿದ್ದೆ. ಉದ್ದ ಮೀಸೆಯವರೊಬ್ಬರು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು. ನಿನ್ನ ಜೊತೆ ಪ್ರತಿ ವಾರ ಆಡುತ್ತಿದ್ದ ಧಾರವಾಡ ಕಡೆಯ ಬಸವರಾಜ.

"ಅಕ್ಕಾರ, ಭಾಳ ಚಲೋ ಸುಳ್ಳು ಹೇಳಿದ್ರಿ ನೋಡ್ರಿ" ಅಂದರು.

ತಟ್ಟೆ ಕೆಳಗಿಟ್ಟು ಅವರ ಕಡೆ ತಿರುಗಿದೆ. "ನಿಮಗೆ ಗೊತ್ತಿತ್ತಾ?"

"ನಮಗೆಲ್ಲಾರಿಗೂ ಗೊತ್ತಿತ್ರೀ. ಮೂರ್ತಿಗೂ ಗೊತ್ತೈತಿ. ಏಳನೇ ಹೋಲ್ ಹತ್ರ ದೊಡ್ಡ ಮರ ಒಂದೈತಿ. ಚಂದ್ರಣ್ಣನ ಚಂಡು ಅದರ ಹಿಂದ ಹೋತಂದ್ರ ನಾವೆಲ್ಲಾ ಆ ಕಡೆ ಕೆರ್ಯಾಗಿನ ಬಾತುಕೋಳಿ ನೋಡಕೋತ ನಿಂತ್ಬಿಡ್ತಿದ್ವಿ. ಮಾಡ್ಕೊಳ್ಳಲಿ ಬಿಡು ಪಾಪ, ಅಂತ."

ನನಗೆ ಅಳುವೂ ಬಂತು, ನಗುವೂ ಬಂತು. ಎಂಜಲು ಕೈಯಲ್ಲೇ ಅವರ ಕೈ ಹಿಡಿದುಕೊಂಡುಬಿಟ್ಟೆ. ಅಲ್ಲಿ ನೀನಿದ್ದೆ, ಚಂದ್ರು. ಆ ಮೀಸೆಯವರ ಮಾತಿನಲ್ಲಿ ಇದ್ದೆ, ಫೋಟೋದಲ್ಲಲ್ಲ. ಅವರೆಲ್ಲ ಮುಖ ತಿರುಗಿಸುತ್ತಿದ್ದದ್ದು ನಿನಗೆ ಗೊತ್ತಿತ್ತೇನೋ? ಇಲ್ಲ, ಅವರೆಲ್ಲ ದಡ್ಡರು ಅಂತ ಸಂತೋಷವಾಗಿದ್ದೆಯಾ?

ಬಸವರಾಜ ನನ್ನನ್ನು ಮೈದಾನದಲ್ಲಿ ಓಡಿಸುವ ಆ ಪುಟ್ಟ ಗಾಡಿಯಲ್ಲಿ ಕೂರಿಸಿಕೊಂಡು ಮರದ ಹತ್ತಿರ ಹೋದರು. ಮೇಪಲ್ ಮರ, ಎಲೆ ಅರ್ಧ ಕೆಂಪಾಗಿತ್ತು. ನೀನು ಕೊನೆಯ ಸಲ ಆಡಿದ ದಿನ, ಅದೇ ನಿನ್ನ ಫೋನ್ ಬಾರದ ಶನಿವಾರ, ಚೆಂಡು ಅಲ್ಲೇ ಬಿದ್ದಿತ್ತಂತೆ. ಅವರೆಲ್ಲ ಯಥಾಪ್ರಕಾರ ಬಾತು ನೋಡುತ್ತಾ ನಿಂತರಂತೆ. ನೀನು ಕೂಗಿದೆಯಂತೆ. ಅವರು ನಿನ್ನ ದನಿಯಲ್ಲೇ ಹೇಳಿದರು: "ಎಲ್ಲ ಇಲ್ಲಿ ನೋಡ್ರಪ್ಪ. ನಾನು ಮುಟ್ಟಲ್ಲ. ಮುಟ್ಟಿದ್ರೆ ನಮ್ಮಕ್ಕನಿಗೆ ಸಮರ್‌ಸೆಟ್‌ನಲ್ಲಿ ಕೂತೇ ಗೊತ್ತಾಗಿಬಿಡುತ್ತೆ."

ಮರದ ಹಿಂದಿನಿಂದ ಹೊರಗೆ ತರಲು ಆರು ಹೊಡೆತ ಬೇಕಾಯಿತಂತೆ. ಹೊಡೆತ ಹೆಚ್ಚಾದರೆ ಸೋತಂತೆ ತಾನೇ, ಅವತ್ತು ಎಲ್ಲರಿಗಿಂತ ಕೊನೆಗೆ ಬಂದೆಯಂತೆ. "ಸೋತು ನಕ್ಕನಾ?" ಅಂತ ಕೇಳಿದೆ. "ನಗಲಿಲ್ರೀ. ಕಾರಿನ್ಯಾಗ ಫೋನ್ ಹಿಡಕೊಂಡು ಭಾಳ ಹೊತ್ತು ಸುಮ್ನ ಕುಂತಿದ್ರು" ಅಂದರು.

ಯಾರಿಗೆ ಮಾಡಲು ಹಿಡಿದಿದ್ದೆಯೋ ಆ ಫೋನು? ಹಿಡಿದವನು ಯಾಕೆ ಮಾಡಲಿಲ್ಲ? ನಾನು ಅಂದ ಮಾತಿನ ಸಿಟ್ಟು ಇನ್ನೂ ಇತ್ತಾ? ಇಲ್ಲ, ಕೊನೆಗೆ ಬಂದೆ ಅಂತ ಅಕ್ಕನಿಗೆ ಹೇಳಲು ನಾಚಿಕೆಯಾಯಿತಾ? ಸಿಟ್ಟು ಅಂದರೆ ನಾನು ಇನ್ನು ಹೀಗೇ ಬೇಯಬೇಕು. ನಾಚಿಕೆ ಅಂದರೆ ಒಂದು ಹಿಡಿ ಅನ್ನ ನೆಮ್ಮದಿಯಾಗಿ ಇಳಿಯುತ್ತದೆ. ಬಸವರಾಜನಿಗೆ ಗೊತ್ತಿಲ್ಲ, ಲಲಿತಳಿಗೂ ಗೊತ್ತಿಲ್ಲ. ನೀನೇ ಹೇಳಬೇಕು.

ಇನ್ನೊಂದು ಸುದ್ದಿ. ಅವರ ಹತ್ತಿರ ಒಂದು ಚೆಂಡು ಇಸಿದುಕೊಂಡು ಆ ಮರದ ಬುಡದಲ್ಲಿ ಹಾಕಿದೆ. ಮಾಯಾ ಕೊಡಿಸಿದ ಬಿಳಿ ಶೂ ಹಾಕಿಕೊಂಡಿದ್ದೆ. ನಾನು ಏನೂ ಹೇಳಲಿಲ್ಲ, ಬಸವರಾಜ ತಾವಾಗಿಯೇ ಆ ಕಡೆ ತಿರುಗಿ ಬಾತು ನೋಡುತ್ತಾ ನಿಂತರು. ಕಾಲಲ್ಲಿ ತಳ್ಳಿದೆನೋ, ಇದ್ದಲ್ಲೇ ಬಿಟ್ಟು ಬಂದೆನೋ, ಅದನ್ನು ಈಗ ಹೇಳುವುದಿಲ್ಲ. ಮೊದಲು ನಿನ್ನ ಉತ್ತರ ಬರಲಿ. ಕಾಗದ ಬೇಡ, ಒಂದು ಕನಸು ಸಾಕು. ಶನಿವಾರ ಮಧ್ಯಾಹ್ನ ಎರಡಕ್ಕೆ ನಾನು ಸೋಫಾದಲ್ಲಿ ಒರಗಿಕೊಂಡೇ ಇರುತ್ತೇನೆ, ಮನೆಯಲ್ಲಿ ಯಾರೂ ಇರುವುದಿಲ್ಲ. ನೆಪ ಗಿಪ ಹೇಳಬೇಡ. ಮುಂದಿನ ತಿಂಗಳೊಳಗೆ ಬಂದು ಹೇಳು.