ಹೊಸ ಸೆಟ್ಟು ತಲುಪಿತು

ನವೆಂಬರ್ ೯, ಭಾನುವಾರ

ನನ್ನ ಹಟಮಾರಿ ಮಗಳಿಗೆ,

ಅಪ್ಪ ಅಮ್ಮ ಇಬ್ಬರ ಆಶೀರ್ವಾದ. ನಾವು ಚೆನ್ನಾಗಿದ್ದೇವೆ. ನೀನು ಕಳಿಸಿದ ಹೊಸ ರೇಡಿಯೋ ಸೆಟ್ಟು ತಲುಪಿ ಬಹಳ ದಿನವಾಯಿತು. ಕೂಡಲೇ ಬರೆಯಬೇಕಿತ್ತು, ತಪ್ಪಾಯಿತು. ಬರೆಯಲು ಕೂತಾಗಲೆಲ್ಲ ಸಿಟ್ಟು ಬಂದು ಹಾಳೆ ಹರಿದು ಹಾಕಿದೆ. ಸಿಟ್ಟು ಇವತ್ತೂ ಇದೆ, ಆದರೆ ಮನೆಯಲ್ಲಿ ಇದೊಂದೇ ಹಾಳೆ ಉಳಿದಿದೆ. ಅಪ್ಪ ಫೋನ್ ಎತ್ತುವುದಿಲ್ಲ ಎಂದು ಅಮ್ಮನ ಹತ್ತಿರ ದೂರುತ್ತೀಯಂತೆ. ಫೋನಿನಲ್ಲಿ ನೀನು ಮಾತು ಹಾರಿಸುತ್ತೀ, ಅದಕ್ಕೇ ಈ ಕಾಗದ.

ಸೆಟ್ಟು ಬೇಕೆಂದು ನಿನ್ನನ್ನು ಯಾರು ಕೇಳಿದ್ದರು? ಬಂದರಿನ ರೇಡಿಯೋ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡೇ ತಲೆ ನೆರೆದವನು ನಾನು. ನನಗೆ ಸೆಟ್ಟು ಆರಿಸಿ ಕೊಡುವಷ್ಟು ದೊಡ್ಡವಳಾದೆಯಾ? ಜೊತೆಗೆ ಒಂದು ಚೀಟಿ ಬೇರೆ: "ಅಪ್ಪಾ, ಹಳೇದು ಕೆಟ್ಟಿದ್ದಕ್ಕೆ ತಾನೆ ಅವತ್ತು ಹಾಗಾಯ್ತು. ಇನ್ಮೇಲೆ ಚಿಂತೆ ಇಲ್ಲ. ನೀನು ಕೇಳಿಸ್ಕೊಳ್ತಾ ಇದ್ರೆ ನಂಗೆ ಆ ಬೀಕನ್ ಯಾತಕ್ಕೆ?" ಇದನ್ನು ಓದಿ ನಿನ್ನ ಅಮ್ಮ ಮೂಗಿನ ಮೇಲೆ ಬೆರಳಿಟ್ಟಳು. ನಾನು ತಲೆ ಚಚ್ಚಿಕೊಂಡೆ.

ಅವತ್ತಿನ ಕಥೆಯನ್ನು ನೀನು ತಮಾಷೆ ಮಾಡಿ ನಿನ್ನ ಹತ್ತಿರ ಕಯಾಕ್ ದೋಣಿ ಕಲಿಯಲು ಬರುವವರಿಗೆಲ್ಲ ಹೇಳುತ್ತೀಯಂತೆ. ನನ್ನ ಬಾಯಿಂದಲೂ ಒಮ್ಮೆ ಕೇಳು. ದೀಪಸ್ತಂಭದ ಆಚೆ ಕಯಾಕ್ ಮಗುಚಿತು. ನೀನು ನೀರಿನಲ್ಲಿ, ದೋಣಿ ಗಾಳಿಯ ಪಾಲು. ಬೀಕನ್ ಎಲ್ಲಿತ್ತು? ದೋಣಿಯ ಹಿಂಬದಿಯ ಮುಚ್ಚಳದೊಳಗೆ, ಪ್ಲಾಸ್ಟಿಕ್ ಚೀಲದಲ್ಲಿ, ತಿಂಡಿ ಡಬ್ಬಿಯ ಕೆಳಗೆ. ಗುಂಡಿ ಒತ್ತಿದರೆ ನೀನಿರುವ ಜಾಗವನ್ನು ರಕ್ಷಣಾ ಪಡೆಗೆ ತಿಳಿಸುವ ಯಂತ್ರ ಅದು. ಒತ್ತುವುದಕ್ಕೆ ಅದು ಕೈಗೆ ಸಿಗಬೇಡವೇ? ಕೇಳಿದರೆ, "ಎದೆ ಹತ್ರ ಕಟ್ಕೊಂಡ್ರೆ ಹುಟ್ಟು ಹಾಕೋಕೆ ಅಡ್ಡ ಬರುತ್ತಪ್ಪಾ" ಎನ್ನುತ್ತೀ. ಮುಳುಗಿದ ಮೇಲೆ ಯಾವ ಹುಟ್ಟು ಹಾಕುತ್ತೀ?

ಪುಣ್ಯಕ್ಕೆ ಕೈರೇಡಿಯೋ ಜಾಕೆಟ್ಟಿನ ಜೇಬಿನಲ್ಲಿತ್ತು. ಅಲ್ಲಾದರೂ ಬುದ್ಧಿ ಓಡಿಸಿದೆಯಾ? ಹದಿನಾರನೇ ಚಾನೆಲ್‌ನಲ್ಲಿ ಕೂಗಿದ್ದರೆ ಬಂದರಿನವರು, ಹಡಗಿನವರು ಎಲ್ಲರೂ ಕೇಳುತ್ತಿದ್ದರು. ಆಪತ್ತಿಗೆಂದೇ ಇರುವ ಚಾನೆಲ್ ಎಂದು ನೀನು ಪುಟ್ಟವಳಿದ್ದಾಗಲೇ ಬಾಯಿಪಾಠ ಮಾಡಿಸಿದ್ದೆ. ನೀನು ತಿರುಗಿಸಿದ್ದು ನಮ್ಮಿಬ್ಬರ ಚಾನೆಲ್‌ಗೆ. ಅದು ಸಂಜೆ ಕೊಲ್ಲಿಯ ಆಚೆ ದಡದಿಂದ "ಅಪ್ಪಾ, ದಡ ಮುಟ್ಟಿದೆ, ಅಮ್ಮಂಗೆ ಹೇಳು" ಎನ್ನಲು ಇಟ್ಟುಕೊಂಡದ್ದು. ಇಡೀ ಸಮುದ್ರವೇ ಕೇಳಲು ಕಾದಿರುವಾಗ ನಿನಗೆ ಅಪ್ಪನೊಬ್ಬನೇ ಬೇಕಾಯಿತೇ? ಗಂಟಲು ಹರಿಯುವಂತೆ ಕರೆದೆ. ಕೊನೆಗೆ ಆ ದಾರಿಯಲ್ಲಿ ಬಂದ ಮೀನುದೋಣಿಯವನು ನಿನ್ನ ಕಿತ್ತಳೆ ಜಾಕೆಟ್ಟು ನೋಡಿದ್ದರಿಂದ ಬದುಕಿದೆ. ಆಮೇಲೆ "ಯಾಕಪ್ಪಾ ಉತ್ತರ ಕೊಡ್ಲಿಲ್ಲ" ಎಂದು ಕೇಳಿದೆ. ಸೆಟ್ಟು ಕೆಟ್ಟಿತ್ತು ಎಂದೆ.

ಇಲ್ಲಿಯ ಸುದ್ದಿ ಹೆಚ್ಚೇನಿಲ್ಲ. ನಾನು ಟಿವಿ ಜೋರಾಗಿ ಇಡುತ್ತೇನೆಂದು ಪಕ್ಕದ ಮನೆಯ ದರ್ಜಿ ಗೋಡೆ ತಟ್ಟುತ್ತಾನೆ. "ಬಾಗಿಲು ಬಡಿದ್ರೂ ಏಳಲ್ಲ, ಪೇಪರಿಗೆ ಅಂಟ್ಕೊಂಡಿರ್ತಾರೆ" ಎಂದು ನಿನ್ನ ಅಮ್ಮನ ತಕರಾರು. ಇಬ್ಬರೂ ಸೇರಿ ನನ್ನನ್ನು ಅರೆದು ಹಾಕುತ್ತಿದ್ದಾರೆ.

ಆ ದರ್ಜಿಯ ಹತ್ತಿರವೇ ಒಂದು ಚೀಲ ಹೊಲಿಸಿ ಇದರ ಜೊತೆ ಕಳಿಸಿದ್ದೇನೆ. ಬೀಕನ್ ಅದರಲ್ಲಿ ಸರಿಯಾಗಿ ಕೂರುತ್ತದೆ. ಜಾಕೆಟ್ಟಿನ ಎಡ ಭುಜದ ಪಟ್ಟಿಗೆ ಸಿಕ್ಕಿಸು. ನಾನು ಹಾಕಿಕೊಂಡು, ಪೊರಕೆಯನ್ನೇ ಹುಟ್ಟು ಮಾಡಿ ಹಜಾರದಲ್ಲಿ ಬೀಸಿ ನೋಡಿದ್ದೇನೆ. ಎಲ್ಲಿಯೂ ಅಡ್ಡ ಬರುವುದಿಲ್ಲ. ಅಮ್ಮ ನಕ್ಕು ನಕ್ಕು ಸುಸ್ತಾದಳು.

ನೂರು ಕಾಲ ಬಾಳು ಮಗಳೇ. ಎಷ್ಟು ಬೇಕಾದರೂ ಒದ್ದೆಯಾಗು, ಮನೆಗೆ ಬಾ.

ಇಂತು,
ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಹೇಳಲಾಗದೆ ಉಳಿಸಿಕೊಂಡದ್ದು. ಹಳೆಯ ಸೆಟ್ಟು ಕೆಟ್ಟಿರಲಿಲ್ಲ. ಅವತ್ತು ಅದರ ಮುಂದೆಯೇ ಕೂತು ಕನ್ನಡಕ ಒರೆಸುತ್ತಿದ್ದೆ. ಅಂಗಡಿಯಿಂದ ಬಂದ ನಿನ್ನ ಅಮ್ಮ ಗೇಟಿನಿಂದಲೇ ಓಡಿ ಬಂದಳು. "ಮಗು ಅಪ್ಪಾ ಅಪ್ಪಾ ಅಂತ ಕರೀತಿದೆ, ಸುಮ್ನೆ ಕೂತಿದೀರಲ್ರೀ" ಎಂದಳು. ನಾನು ಮೈಕು ಎತ್ತುವಷ್ಟರಲ್ಲಿ ನಿನ್ನ ದನಿ ನಿಂತಿತ್ತು ಎಂದೂ ಅವಳೇ ಹೇಳಬೇಕಾಯಿತು. ಕಿವಿ ಹೋಗಿದೆ ಎನ್ನಲು ಬಾಯಿ ಬರಲಿಲ್ಲ, ತಪ್ಪನ್ನು ಸೆಟ್ಟಿನ ಮೇಲೆ ಹಾಕಿದೆ. ನಿನ್ನ ಹೊಸ ಸೆಟ್ಟಿನಲ್ಲೂ ನನಗೆ ಬರೀ ಗುಂಯ್ ಎಂದು ಕೇಳುತ್ತದೆ. ಸಂಜೆ ನೀನು ಕರೆದದ್ದು ಕೇಳಿ ಅಮ್ಮ ಕೈಸನ್ನೆ ಮಾಡುತ್ತಾಳೆ, ನಾನು ಮೈಕಿನಲ್ಲಿ "ಸರಿ ಮಗಳೇ" ಎನ್ನುತ್ತೇನೆ. ಬೀಕನ್ ಕಟ್ಟಿಕೋ. ಮುಳುಗುವಾಗ ನನ್ನನ್ನು ಕರೆಯಬೇಡ. ದಡ ಮುಟ್ಟಿದ ಮೇಲೆ ಕರೆ, ಅಮ್ಮ ಹೇಳುತ್ತಾಳೆ.