ಒಂದು ವರಸೆ ಎತ್ತರ

ಹೊಸ ಮನೆ, ಮುಂಬಾಗಿಲ ಮೆಟ್ಟಿಲು
ಮಾರ್ಚ್ ೯, ಭಾನುವಾರ

ನನ್ನ ಫೋನಿಗಾಗಿ ಕಾದು ಕುಳಿತಿದ್ದ ಕಂಟ್ರಾಕ್ಟರ್ ಸಾಹೇಬರಿಗೆ,

ನಿಮ್ಮ ಹೆಂಡತಿಯ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನೀವೂ ನಿಮ್ಮ ಅಣ್ಣನ ಮನೆಯಲ್ಲಿ ಹೊತ್ತು ಹೊತ್ತಿಗೆ ಉಂಡುಕೊಂಡು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ವಿಷಯಕ್ಕೆ ಬರುತ್ತೇನೆ. ಮನೆ ಮುಗಿಯಿತು. ನೆಲ, ನಲ್ಲಿ, ಬಣ್ಣ, ಬಾಗಿಲ ಚಿಲಕ, ಎಲ್ಲವೂ. ನಿನ್ನೆ ಸಂಜೆ ಬಣ್ಣದವನು ಏಣಿ ಹೊತ್ತುಕೊಂಡು ಹೋದ. ಈಗ ಮೆಟ್ಟಿಲ ಮೇಲೆ ಕೂತು, ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದು ಮೆಟ್ಟಿಲಿನ ತಪ್ಪಲ್ಲ. ಮೆಟ್ಟಿಲು ನೆಟ್ಟಗಿದೆ, ರಸಮಟ್ಟ ಇಟ್ಟು ನೋಡಿದ್ದೇನೆ.

ಊರಿಗೆಲ್ಲ ಮನೆ ಕಟ್ಟಿಕೊಟ್ಟ ನಿಮಗೆ ನಮ್ಮ ಮನೆಗೆ ಮಾತ್ರ ಬಿಡುವಾಗಲಿಲ್ಲ. "ಈ ಕೆಲಸ ಒಂದು ಮುಗೀಲಿ" ಎನ್ನುತ್ತಲೇ ನಮ್ಮ ಸೈಟಿನಲ್ಲಿ ಮುಳ್ಳುಗಿಡ ನಿಮ್ಮಷ್ಟೆತ್ತರ ಬೆಳೆಯಿತು. ಕೊನೆಗೆ ನಾನೇ ನಿಂತು ಕಟ್ಟಿಸುತ್ತೇನೆ ಅಂದಾಗ ನಕ್ಕಿರಿ. ಬರೀ ನಕ್ಕಿದ್ದರೆ ಹೋಗಲಿ ಅನ್ನುತ್ತಿದ್ದೆ. ನಿಮ್ಮ ಅಣ್ಣ ಅತ್ತಿಗೆಯ ಎದುರಿಗೇ, "ಅಂಗಿ ಹೊಲಿದ ಹಾಗಲ್ಲ ಕಣೇ ಮನೆ ಕಟ್ಟೋದು. ಲಿಂಟಲ್ ಮಟ್ಟಕ್ಕೆ ಬರೋ ಹೊತ್ತಿಗೆ ಅಳ್ತಾ ನೀನೇ ಫೋನ್ ಮಾಡ್ತೀಯ" ಅಂದಿರಿ. ನಾನು ಸುಮ್ಮನಿರುವವಳೇ? ಮಾತಿಗೆ ಮಾತು ಬೆಳೆಯಿತು. ನೀವು ಚೀಲ ಹೆಗಲಿಗೇರಿಸಿ ಹೊರಟಿರಿ. ಹೊರಡುವಾಗ ಆ ಬಾಡಿಗೆ ಮನೆಯ ಗಿಡ್ಡ ಬಾಗಿಲಿಗೆ, ನಿಮ್ಮ ಹಣೆ ಉಳಿಯಲಿ ಅಂತ ನಾನು ಹತ್ತಿ ತುಂಬಿ ಹೊಲಿದು ಕಟ್ಟಿದ್ದ ದಿಂಬಿಗೆ, ಎಂದಿನಂತೆ ತಲೆ ಗುದ್ದಿಕೊಂಡು, ಆ ಸಿಟ್ಟನ್ನೂ ನನ್ನ ಲೆಕ್ಕಕ್ಕೇ ಹಾಕಿದಿರಿ.

ಅಂದೇ ತೀರ್ಮಾನಿಸಿದೆ, ಏನಾದರೂ ಆಗಲಿ ಫೋನ್ ಮಾತ್ರ ಮಾಡುವುದಿಲ್ಲ ಎಂದು. ಮಾಡಿದರೆ ಸ್ವಂತ ಮನೆಯಲ್ಲೂ ನಾನು ಜನ್ಮವೆಲ್ಲ ಬಾಡಿಗೆಯವಳಂತೆ ಇರಬೇಕಾಗುತ್ತಿತ್ತು.

ಶಾಲೆ ಶುರುವಾಗುವ ತಿಂಗಳಲ್ಲಿ ರಾಶಿ ರಾಶಿ ಸಮವಸ್ತ್ರ ಹೊಲಿದು ಕೊಟ್ಟವಳಿಗೆ ನಿಮ್ಮ ಕಂಟ್ರಾಕ್ಟರಿಕೆ ಅಂಥ ಹೊಸ ವಿದ್ಯೆಯೇನಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಿರಬೇಕು. ಜೇಬು ಕೂರಿಸಿದ ಮೇಲೆ ಪಕ್ಕ ಮುಚ್ಚಬೇಕು, ವೈರಿನ ಪೈಪು ಹಾಯಿಸಿದ ಮೇಲೆ ಗಾರೆ ಮೆತ್ತಬೇಕು. ಎಲೆಕ್ಟ್ರಿಷಿಯನ್ನೂ ಪ್ಲಂಬರೂ ಒಂದೇ ಗೋಡೆಗಾಗಿ ಕಿತ್ತಾಡಿದಾಗ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಈ ಕಡೆ ನಿನ್ನದು, ಆ ಕಡೆ ಅವನದು ಅಂದೆ. ಇಬ್ಬರೂ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದರು. ಕೊರಳಲ್ಲಿ ಸದಾ ಟೇಪು ನೇತಾಡುತ್ತಿತ್ತಲ್ಲ, ನೀವು ನನಗಿಟ್ಟ ಅಡ್ಡಹೆಸರೇ ಅವರ ಬಾಯಲ್ಲೂ ಬಂತು, ಟೇಪಮ್ಮ ಅಂತ. ನೀವು ಹೇಳಿಕೊಟ್ಟಿರಾ?

ತಪ್ಪು ಮಾಡಲಿಲ್ಲವೇ ಅಂದರೆ, ಮಾಡಿದೆ. ಬಡಗಿಗೆ ಕಿಟಕಿಗಳ ಅಳತೆ ಕೊಡುವಾಗ ಅಭ್ಯಾಸಬಲದಿಂದ ಸುತ್ತಲೂ ಹೊಲಿಗೆಗೆಂದು ಅಂಚು ಬಿಟ್ಟು ಕೊಟ್ಟೆ. ಚೌಕಟ್ಟುಗಳು ಬಂದವು, ಗೋಡೆಯ ಕಂಡಿಯಲ್ಲಿ ಒಂದೂ ಕೂರಲಿಲ್ಲ. ಬಡಗಿ ತಲೆ ಕೆರೆದುಕೊಂಡು, "ಅಮ್ಮಾ, ಇದನ್ನ ಒಳಗೆ ಮಡಚಿ ಹೊಲಿಯೋಕಾಗಲ್ಲ" ಅಂದ. ಗೋಡೆ ಕಟ್ಟುತ್ತಿದ್ದ ಮೇಸ್ತ್ರಿ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ, ಆಮೇಲೆ ಮರಳಿನ ಗುಡ್ಡೆಯ ಹಿಂದೆ ಹೋಗಿ ಅತ್ತೆ. ಕೊನೆಗೆ ಕಂಡಿಗಳನ್ನೇ ಅಗಲ ಮಾಡಿಸಿದೆ. ಅವುಗಳ ನೆತ್ತಿಯ ಮೇಲೆ ಬರಬೇಕಾದ ಲಿಂಟಲ್ಲಿನ ಕಾಂಕ್ರೀಟ್ ಪಟ್ಟಿಯನ್ನೂ ಒಂದು ವರಸೆ ಇಟ್ಟಿಗೆಯಷ್ಟು ಮೇಲೆತ್ತಿಸಬೇಕಾಯಿತು. ಅದರ ಜೊತೆಗೆ ಬಾಗಿಲುಗಳೂ ಎತ್ತರವಾದವು. ಕಿಟಕಿಯ ತಪ್ಪಿಗೆ ಬಾಗಿಲು ದಂಡ ತೆತ್ತಿತು ಅಂದುಕೊಳ್ಳಿ.

ಸರಿಯಾಗಿ ಲಿಂಟಲ್ ಎರಕದ ಹೊತ್ತಿಗೆ ಮೇಸ್ತ್ರಿ ನಾಪತ್ತೆ. ದೊಡ್ಡ ಕೆಲಸ ಸಿಕ್ಕಿತೆಂದು ಆಳುಗಳನ್ನೆಲ್ಲ ಕಟ್ಟಿಕೊಂಡು ಬೇರೆ ಕಡೆ ಹೋಗಿಬಿಟ್ಟಿದ್ದ. ನಿಮ್ಮ ನಂಬರ್ ತೆಗೆದು ಎಷ್ಟು ಹೊತ್ತು ನೋಡುತ್ತ ಕೂತಿದ್ದೆನೋ. ಅಳುವೂ ಬಂದಿತ್ತು, ನಿಮ್ಮ ಮಾತು ಅಕ್ಷರಶಃ ನಿಜವಾಗುವುದರಲ್ಲಿತ್ತು. ಆಗ ಮೆಷಿನ್ನಿನ ಪಕ್ಕ ಮೇಸ್ತ್ರಿ ಹೊಲಿಯಲು ಕೊಟ್ಟಿದ್ದ ಅಂಗಿಬಟ್ಟೆ ಕಣ್ಣಿಗೆ ಬಿತ್ತು. ಕೂತು ಹೊಲಿದೆ. ಕಾಲರ್ ಕೂರಿಸಿ, ಗುಂಡಿ ಹಾಕಿ, ಇಸ್ತ್ರಿ ಮಾಡಿ, ಅವನ ಹೊಸ ಕೆಲಸದ ಜಾಗಕ್ಕೇ ಹೋಗಿ ಎಲ್ಲರೆದುರು ಕೊಟ್ಟೆ. ಖುಷಿಯಾಗಿ ಅಲ್ಲೇ ತೊಟ್ಟುಕೊಂಡ.

"ಇನ್ನೊಂದು ತೋಳು ಎಲ್ಲಮ್ಮಾ?" ಅಂದ.

"ನನಗೂ ಬೇರೆ ಕಡೆ ದೊಡ್ಡ ಕೆಲಸ ಸಿಕ್ತು ಮೇಸ್ತ್ರಿ. ನಮ್ಮ ಲಿಂಟಲ್ ಆಗಲಿ, ತೋಳು ಬರುತ್ತೆ" ಅಂದೆ.

ಸಾರವೆ ಮೇಲಿದ್ದ ಆಳುಗಳು ಕೈಯಲ್ಲಿದ್ದ ಕರಣೆ ಬಿಟ್ಟು ನಕ್ಕರು. ಮಾರನೆಯ ಬೆಳಿಗ್ಗೆ ನಾನು ಹೋಗುವ ಮೊದಲೇ ನಮ್ಮ ಸೈಟಿನಲ್ಲಿ ಕಾಂಕ್ರೀಟ್ ಕಲೆಸುವ ಸದ್ದು ಕೇಳಿಸುತ್ತಿತ್ತು. ಅವತ್ತು ಸಂಜೆಯೇ ಇನ್ನೊಂದು ತೋಳು ಹಚ್ಚಿಕೊಟ್ಟೆ. ನಿಮಗೆ ಫೋನ್ ಬರಲಿಲ್ಲ.

ಆಮೇಲೆ ನಾನು ಯಾವುದಕ್ಕೂ ಹೆದರಲಿಲ್ಲ. ತಾರಸಿ ಎರಕವಾಗಿ, ಬೇಕಾದಷ್ಟು ನೀರು ಕುಡಿದು ಗಟ್ಟಿಯಾಗಿ, ಕೆಳಗೆ ಆನಿಸಿದ್ದ ಕಂಬಗಳನ್ನು ತೆಗೆಯುವ ದಿನ ನಾನು ನಡುಮನೆಯಲ್ಲೇ ನಿಂತೆ. "ಹೊರಗೆ ಬನ್ನಿ ಅಮ್ಮಾ" ಎಂದು ಮೇಸ್ತ್ರಿ ಗೋಗರೆದ. ಕಟ್ಟಿಸಿದವಳಿಗೇ ನಂಬಿಕೆ ಇಲ್ಲದಿದ್ದರೆ ಹೇಗೆ ಎಂದೆ. ಒಂದೊಂದೇ ಕಂಬ ಕಳಚಿತು. ಕೊನೆಯದೂ ಕಳಚಿತು. ನನ್ನ ತಲೆಯ ಮೇಲೆ ಒಂದಿಷ್ಟು ಧೂಳು ಉದುರಿತು, ತಾರಸಿ ಕದಲಲಿಲ್ಲ. ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ. ಪಕ್ಕದಲ್ಲಿ ನೀವಿರಬೇಕಿತ್ತು ಅನಿಸಿತು. ಇದ್ದಿದ್ದರೆ ಮೊದಲು ಒಂದು ಕುಂದು ಹುಡುಕುತ್ತಿದ್ದಿರಿ ಅಂತಲೂ ಅನಿಸಿತು.

ಇದು ಜಂಬದ ಪತ್ರ, ಒಪ್ಪಿಕೊಳ್ಳುತ್ತೇನೆ. ಜಂಬ ಪಡುವಷ್ಟು ಕೆಲಸ ಮಾಡಿದ್ದೇನೆ. ಬಂದು ನೋಡಿ. ಗೋಡೆಗೆ ತೂಗುಗುಂಡು ಬಿಟ್ಟು ನೋಡಿ, ಅಡುಗೆ ಕಟ್ಟೆ ತಟ್ಟಿ ನೋಡಿ. ತಪ್ಪು ಸಿಕ್ಕರೆ ಹೇಳಿ, ಸರಿಪಡಿಸುವ ಮೇಸ್ತ್ರಿ ಈಗ ನನ್ನ ಮಾತು ಕೇಳುತ್ತಾನೆ. ಸಂಜೆ ಹೊತ್ತು ಈ ಬೀದಿಯಲ್ಲಿ ಒಂದು ಸ್ಕೂಟರ್ ನಮ್ಮ ಗೇಟಿನ ಹತ್ತಿರ ನಿಧಾನವಾಗುತ್ತದೆ ಎಂದು ಎದುರುಮನೆಯವರು ಹೇಳಿದರು. ಅದನ್ನು ನಿಲ್ಲಿಸಲು ಅಂಗಳದಲ್ಲಿ ಜಾಗವಿದೆ ಎಂದು ಸವಾರರಿಗೆ ತಿಳಿಸಿ.

ಇತಿ,
ಈ ಮನೆಯ ಕಂಟ್ರಾಕ್ಟರ್,
ಟೇಪಮ್ಮ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಕಿಟಕಿಗಳಿಗಾಗಿ ಲಿಂಟಲ್ ಎತ್ತಿಸಬೇಕಾಗಿರಲಿಲ್ಲ. ಕಂಡಿಯನ್ನು ಕೆಳಗೆ ಸ್ವಲ್ಪ ಇಳಿಸಿದರೆ ಸಾಕು ಎಂದು ಮೇಸ್ತ್ರಿ ಬಡಕೊಂಡ. ನಾನೇ ಹಠ ಹಿಡಿದು ಎತ್ತಿಸಿದೆ. "ನೀವು ನೋಡಿದ್ರೆ ಇಷ್ಟು ಗಿಡ್ಡ ಇದ್ದೀರಿ, ಅಷ್ಟೆತ್ತರದ ಬಾಗಿಲು ಯಾರಿಗಮ್ಮಾ?" ಅಂತ ಕೇಳಿದ. ಗಾಳಿ ಬರಲಿ ಅಂತ ಎಂದೆ. ಬಾಡಿಗೆ ಮನೆ ಖಾಲಿ ಮಾಡುವಾಗ ಆ ಹತ್ತಿ ದಿಂಬನ್ನು ಬಿಚ್ಚಿ ತರಲಿಲ್ಲ, ಅಲ್ಲೇ ಬಿಟ್ಟು ಬಂದೆ. ಈ ಮನೆಯ ಯಾವ ಬಾಗಿಲಲ್ಲೂ ನೀವು ತಲೆ ಬಗ್ಗಿಸಬೇಕಿಲ್ಲ.