ತೀರದ ಯೋಜನೆ ತೀರಿತು!

ಪ್ರಿಯ ಸ್ಕೇಲಮ್ಮ, ಗೆರೆ ತಪ್ಪದ ಗೆಳತಿ,

ಈ ಪತ್ರ ನಿನಗೆ ತಲುಪುವುದಿಲ್ಲ, ನಾನು ಕಳಿಸಿದರೆ ತಾನೇ! ಆದರೂ ಗೆದ್ದ ಸುದ್ದಿಯನ್ನು ನಿನಗಲ್ಲದೆ ಯಾರಿಗೆ ಹೇಳಲಿ? ನಮ್ಮ ಪುಟ್ಟ ಹಳೇ ಬಂದರು ಪಟ್ಟಣದ ಮಾಸ್ಟರ್ ಪ್ಲಾನ್ ಇವತ್ತು ಊರ ಸಭೆಯಲ್ಲಿ ಪಾಸಾಯಿತು ಕಣೇ!

ಗೋಡೆ ತುಂಬ ನಕ್ಷೆ. ಮೇಲೆ ದಪ್ಪಕ್ಷರದಲ್ಲಿ ನಾನಿಟ್ಟ ಹೆಸರು, 'ತೀರದ ಯೋಜನೆ'. "ಎರಡರ್ಥ ಬರುತ್ತೆ, ಬೇಡ" ಎಂದು ನೀನು ಬಡಕೊಂಡಿದ್ದೆ. ಬಂದೇ ಬಂತು. ಮೀನು ಮಾರುವ ಅಜ್ಜಿಯೊಬ್ಬರು ಎದ್ದು, "ತೀರದ ಯೋಜನೆ ಅಂತ ನೀವೇ ಬರ್ದಿದೀರಲ್ಲಮ್ಮ, ಇದು ತೀರೋದೇ ಇಲ್ವಾ?" ಎಂದರು. ಸಭೆ ಗೊಳ್ಳೆಂದಿತು.

"ನೀವು ಕೈ ಎತ್ತಿದ್ರೆ ಈಗಲೇ ತೀರುತ್ತೆ, ಅಜ್ಜಿ."

"ಮೊದಲು ಆ ದೊಡ್ಡ ರಸ್ತೇನ ನಮ್ಮ ಬೀದಿ ಮೇಲಿಂದ ಎತ್ತು. ಆಮೇಲೆ ಕೈ ಎತ್ತೋಣ."

ನೀನು ನಮ್ಮ ಆಫೀಸು ಬಿಟ್ಟು ಹೋದದ್ದು ಇದೇ ರಸ್ತೆ ಬೇಡವೆಂದು ನನ್ನ ಜೊತೆ ಜಗಳವಾಡಿ. ನಾನು ಕೆಂಪು ಪೆನ್ನು ತೆಗೆದು, ಕಡಲಬದಿಯ ಹಳೇ ಮನೆಗಳ ಮೇಲೆ ಹಾಯುತ್ತಿದ್ದ ಆ ರಸ್ತೆಯನ್ನು ಎಲ್ಲರೆದುರು ಹೊಡೆದುಹಾಕಿದೆ. ಊರ ಹಿಂದಿನಿಂದ ಬಳಸಿ ಹೋಗುವ ನಿನ್ನ ದಾರಿಯನ್ನೇ ಎಳೆದೆ. ಕೈಗಳು ಎದ್ದವು ನೋಡು, ಅಧ್ಯಕ್ಷರು ಎಣಿಸುವುದನ್ನೇ ಬಿಟ್ಟು ಚಪ್ಪಾಳೆ ತಟ್ಟಿದರು! ಒಂದು ಮನೆಯೂ ಬೀಳುವುದಿಲ್ಲ.

ಅಜ್ಜಿ ನನ್ನ ಗಲ್ಲ ಹಿಡಿದು, "ಇಷ್ಟು ಒಳ್ಳೇ ದಾರಿ ನಿಂಗೆ ಹೊಳೀತಾ ಮಗಳೇ?" ಎಂದರು.

"ಇಲ್ಲ ಅಜ್ಜಿ, ನನ್ನ ಗೆಳತಿಗೆ."

"ಎಲ್ಲಿ ಅವಳು?" ಎಂದು ಅಜ್ಜಿ ಬಾಗಿಲ ಕಡೆ ನೋಡಿದರು.

ನಾನೂ ನೋಡಿದೆ.